ಜಾಂಗಲದೇಶವೂ ಕವಿಸಮಯವೂ

ಮಹಾಕಾವ್ಯಕ್ಕೆ ಪರ್ವತವರ್ಣನೆಯು ಅಂಗವೆಂದು ದಂಡಿಯು ಕಾವ್ಯಾದರ್ಶದ ಮೊದಲನೆಯ ಪರಿಚ್ಛೇದದಲ್ಲಿ ವಿಧಿಸಿರುವನು. ಈ ಮಾರ್ಗವನ್ನು ಹಿಡಿದ ಕನ್ನಡ ಚಂಪೂಕವಿಗಳಲ್ಲಿ ಬೆಟ್ಟವನ್ನು ವರ್ಣಿಸದೆ ಬಿಟ್ಟವರು ವಿರಳ. ಆದರೆ ಆ ಬೆಟ್ಟಗಳ ಮೇಲೆ ಬೆಳೆದಿರುವ ಗಿಡಮರಗಳನ್ನು ಲೆಕ್ಕ ಹಾಕುವವರಿಗೆ ಒಂದು ಸಂಗತಿ ಗೋಚರವಾಗದಿರದು. ತಮಾಲ, ಚಂಪಕ, ಪುನ್ನಾಗ, ಲವಂಗಲತೆ ಇವು ಅಲ್ಲಿ ಹೇರಳವಾಗಿ ದೊರೆಯುವುವು. ಕಾರೆ, ಬಂದರಿಕೆ, ತಂಗಡಿ, ಕವಳಿ ಎಂಬ ಹೆಸರುಗಳು ಬಹು ಅಪೂರ್ವ. ಬಯಲುಸೀಮೆಯ ಕಲ್ಲುಗುಡ್ಡಗಳ ಇಳಿಜಾರನ್ನು ಆವರಿಸಿಕೊಂಡಿರುವುವಾದರೋ ಇವೇ. ಕವಿಯು ತನ್ನ ಊರಿನ ಹಿಂದಣ ಗುಡ್ಡವನ್ನು ಬಿಟ್ಟು, ಓದಿದ ಗ್ರಂಥದ ಗುಡ್ಡವನ್ನು ಹತ್ತಿದನೆಂದರೆ ತಪ್ಪಾಗಲಾರದು.

ಇದಕ್ಕೆ ಸಮಾಧಾನ ಹೇಳುವವರು ಕವಿಸಮಯವನ್ನು ಮುಂದಿಡುವರು. ರಾಜಶೇಖರನು ಕಾವ್ಯಮೀಮಾಂಸೆಯ 14ನೆಯ ಅಧ್ಯಾಯದಲ್ಲಿ ಅದನ್ನು ವಿಭಾಗಿಸಿ ತೋರಿಸಿರುವನು. ಇಲ್ಲದುದನ್ನು ಹೇಳುವುದು, ಇರುವುದನ್ನು ಹೇಳದಿರುವುದು, ಒಂದೇ ಎಡೆಗೆ ನಿಯಮಿಸುವುದು ಎಂದು ಮೂರು ಬಗೆ. ಪ್ರತಿಯೊಂದು ಪರ್ವತದಲ್ಲಿಯೂ ರತ್ನಗಳಿರುವುವೆಂಬುದು ಮೊದಲನೆಯದಕ್ಕೆ ಉದಾಹರಣೆ. ಚಂದನವೃಕ್ಷದಲ್ಲಿ ಹೂವನ್ನೂ ಹಣ್ಣನ್ನೂ ವರ್ಣಿಸಕೂಡದೆಂಬುದು ಎರಡನೆಯದಕ್ಕೆ. ಚಂದನವು ಮಲಯಪರ್ವತದಲ್ಲಿ ಮಾತ್ರವೇ ಇರುವುದೆಂಬುದು ಮೂರನೆಯದಕ್ಕೆ. ಕಾವ್ಯದೊಳಗೆ ಇವು ದೋಷವಲ್ಲ; ರಸಕ್ಕೆ ಇವುಗಳಿಂದ ಹಾನಿಯೂ ಇಲ್ಲ. ಆದರೂ ಚಂದನದ ವಿಷಯದಲ್ಲಿ ಕವಿಸಮಯವೂ ಕನ್ನಡ ನೆಲವೂ ಎಷ್ಟು ದೂರ ಸರಿದಿರುವುವೆಂಬುದನ್ನು ಪರೀಕ್ಷಿಸುವುದು ಯುಕ್ತ.

ಗಂಧದ ಮರವು ಮಲಯದ ಸ್ವತ್ತಲ್ಲ. ಮೈಸೂರು ಸೀಮೆಯ ಒಣ ಕುರುಚಲು ಕಾಡುಗಳಲ್ಲಿ ಅದು ತಾನಾಗಿಯೇ ಹುಟ್ಟುವುದು. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಘೋಷಿಸಿದುದು ಪ್ರಸಿದ್ಧವಾಗಿದೆ. ಅದರ ಬೇರು ಸ್ವತಂತ್ರವಾಗಿ ತನಗೆ ಬೇಕಾದುದೆಲ್ಲವನ್ನೂ ನೆಲದಿಂದ ಎಳೆದುಕೊಳ್ಳಲಾರದು. ನೆರೆಯ ಗಿಡಗಳ ಬೇರಿಗೆ ಕಚ್ಚಿಕೊಂಡು ಅವುಗಳಿಂದ ನೀರನ್ನೂ ಸಾರವನ್ನೂ ಪಡೆಯುವುದು. ಕವಿಗಳು ಇಲ್ಲವೆಂದ ಆ ಹಣ್ಣು ಮಾಗಿದಾಗ ಕಪ್ಪಾಗುವುದು. ಹಕ್ಕಿಗಳು ಅದನ್ನು ತಿಂದು ಬೀಜವನ್ನು ಪೊದೆಗಳ ಕೆಳಗೆ ಉದುರಿಸುವುವು. ಅಲ್ಲಿ ಮುಳ್ಳು ಆಡುಗಳ ಬಾಯಿಂದ ಸಸಿಯನ್ನು ಕಾಯುವುದು, ಪೊದೆಯ ಬೇರು ಅದಕ್ಕೆ ಉಣಿಸುವುದು. ಹಾಗಾದರೆ ಮುಳ್ಳುಪೊದೆಯನ್ನು ಕಿತ್ತೊಗೆದು ಗಂಧವನ್ನು ಸ್ತುತಿಸುವುದು ದಾದಿಯನ್ನು ಹೊರಗೆ ಹಾಕಿ ಕೂಸನ್ನು ಮುದ್ದಿಸಿದಂತೆ.

ವೈದ್ಯಶಾಸ್ತ್ರಕಾರರ ದೃಷ್ಟಿ ಬೇರೆ. ಚರಕಸಂಹಿತೆಯ ಕಲ್ಪಸ್ಥಾನದ ಮೊದಲನೆಯ ಅಧ್ಯಾಯವು ಮದನಫಲವನ್ನು, ಎಂದರೆ ಒಣನೆಲದ ಮುಳ್ಳುಗಿಡವಾದ ಮಂಗಾರೆಯ ಕಾಯನ್ನು ಕುರಿತದ್ದು. ಮೂಲಿಕೆಗಳನ್ನು ಎಂತಹ ನೆಲದಿಂದ ತರಬೇಕೆಂಬ ಪ್ರಸಂಗದಲ್ಲಿ ಅಲ್ಲಿ ದೇಶವು ಜಾಂಗಲ, ಆನೂಪ, ಸಾಧಾರಣವೆಂದು ಮೂರಾಗಿ ವಿಭಾಗಿಸಲ್ಪಟ್ಟಿದೆ. ಜಾಂಗಲವೆಂದರೆ ಸುತ್ತಲೂ ಆಕಾಶವು ತೆರೆದು ತೋರುವ, ಗಾಳಿ ಬಿಸಿಲು ಹೆಚ್ಚಾದ ಒಣನೆಲ. ಖದಿರ, ಧವ, ಬದರಿ, ತಿಂದುಕ, ಆಮಲಕಿ, ಶಮೀ ಮುಂತಾದುವು ಅದರ ವೃಕ್ಷಗಳು. ಕನ್ನಡದಲ್ಲಿ ಇವೇ ಕಗ್ಗಲಿ, ದಿಂಡಿಗ, ಎಲಚಿ, ತೂಬರೆ, ನೆಲ್ಲಿ, ಬನ್ನಿ. ಪಟ್ಟಿಯನ್ನು ಹಾಗೆಯೇ ಇಲ್ಲಿಗೆ ಇಳಿಸುವುದಕ್ಕಾಗದೆಂಬುದೂ ನಿಜ. ಅದರಲ್ಲಿರುವ ಸಾಲವು ಉತ್ತರದೇಶದ್ದು; ಕನ್ನಡ ನಾಡಿನ ಗುಡ್ಡಗಳಲ್ಲಿರುವುದು ಅದರ ಜ್ಞಾತಿಯಾದ ಜಲಾರಿ. ಇಂತಹ ಎಡೆಗಳಲ್ಲಿ ವಿವೇಚನೆ ಮಾಡಬೇಕಾದ ಟೀಕಾಕಾರರು ‘ವೃಕ್ಷವಿಶೇಷ’ವೆಂದು ಬರೆದು ಕೈತೊಳೆದುಕೊಂಡಿರುವುದುಂಟು. ಯಾವ ವಿಶೇಷವೆಂಬುದನ್ನು ಕುರಿ ಕಾಯುವವನೇ ಹೇಳಬೇಕಾಯಿತು!

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿಲಿಮೀಟರಿಗೂ ಮಿಕ್ಕು ಮಳೆಯಾಗುವುದು; ಇದನ್ನು ಜಾಂಗಲವೆನ್ನುವುದು ಹೇಗೆ? ಅಮರಸಿಂಹನು ಸಮಾನಾರ್ಥಕಗಳೆಂದ ಮರು, ಧನ್ವ ಎಂಬ ಶಬ್ದಗಳು ಇದಕ್ಕೆ ಸಲ್ಲವು, ಬೆಂಗಳೂರು ಮರುಭೂಮಿಯಲ್ಲ. ಆದರೆ ಬಂಡೆಯ ಇಳಿಜಾರಿನಲ್ಲಿ ಬಿದ್ದ ಮಳೆ ನಿಲ್ಲದೆ ಹರಿದುಹೋಗುವುದು. ಬಿರುಕುಗಳಲ್ಲಿರುವ ಮಣ್ಣು ಗೇಣುದ್ದವಾದರೆ ಹೆಚ್ಚು. ಆಕಾಶವು ಕೊಟ್ಟುದನ್ನು ಕಲ್ಲು ಉಳಿಸಿಕೊಳ್ಳದು. ಆದುದರಿಂದ ಆನೂಪಕ್ಕೆ ಸಮೀಪದಲ್ಲಿದ್ದರೂ ಬಂಡೆಯ ಮೇಲಣ ಗಿಡವು ಜಾಂಗಲದ ಗಿಡದಂತೆಯೇ ಬಾಳಬೇಕು. ಬಂದರಿಕೆಯ ಎಲೆಯ ಮೇಲಣ ಅಂಟುಲೇಪವು ನೀರು ಆರಿಹೋಗುವುದನ್ನು ತಡೆಯುವುದು. ಕಳ್ಳಿಯು ಎಲೆಯನ್ನೇ ತೊರೆದು ಕಾಂಡದಲ್ಲಿ ನೀರಿಡುವುದು.

ಕೋಣನಕುಂಟೆಯ ಪಶ್ಚಿಮಕ್ಕಿರುವ ತುರಹಳ್ಳಿ ಗುಡ್ಡವು ಇದಕ್ಕೆ ಕಣ್ಣೆದುರಿನ ನಿದರ್ಶನ. ಸುತ್ತಣ ಊರುಗಳ ಹೆಸರುಗಳೂ ನೆಲದ ಗುಣವನ್ನೇ ಸೂಚಿಸುವಂತಿವೆ. ಕೋಣನಕುಂಟೆಯಲ್ಲಿ ಹೊಳೆಯಿಲ್ಲ, ಕುಂಟೆಯಿದೆ. ದೊಡ್ಡಕಲ್ಲಸಂದ್ರದಲ್ಲಿ ಕಲ್ಲಿದೆ. ಯಲಚೇನಹಳ್ಳಿಯ ಹೆಸರು ಚರಕನ ಬದರಿಯನ್ನು, ಎಂದರೆ ಎಲಚಿಯನ್ನು ನೆನಪಿಗೆ ತರುವುದು. ಗುಡ್ಡದ ಕೆಲವು ಭಾಗಗಳಲ್ಲಿ ನೀಲಗಿರಿಯನ್ನು ನೆಟ್ಟಿರುವರು, ಲಂಟಾನವೂ ನುಗ್ಗಿದೆ. ಹೀಗಿದ್ದರೂ ಹುಲ್ಲು, ಮುಳ್ಳುಪೊದೆ, ಬೋಳುಬಂಡೆ ಇವುಗಳ ಸಂಗಡಿಕೆಯು ಪೂರ್ತಿಯಾಗಿ ಅಳಿದಿಲ್ಲ.

2021ರ ಆರಂಭದಲ್ಲಿ ಇಲ್ಲಿ ‘ಟ್ರೀ ಪಾರ್ಕ್’ ಎಂಬ ವೃಕ್ಷೋದ್ಯಾನವನ್ನು ಮಾಡುವ ಯೋಜನೆ ಹೊರಟಿತು. ನೆರೆಹೊರೆಯ ನಾಗರಿಕರು ವಿರೋಧಿಸಿದ ಮೇಲೆ ಅದು ನಿಂತಿತು. ಯೋಜನೆಯ ಹೆಸರೇ ವಿಮರ್ಶೆಗೆ ಯೋಗ್ಯವಾಗಿದೆ. ಮರಗಳಿಲ್ಲದ ಎಡೆ ಬರಿದು, ಬರಿದಾದುದನ್ನು ತುಂಬಬೇಕು ಎಂಬ ಭಾವನೆ ಅದರಲ್ಲಿ ಅಡಗಿರುವುದು. ಇದು ಚಂಪೂಕವಿಯ ಭಾವನೆಯೇ. ಬೆಟ್ಟವೆಂದರೆ ತಮಾಲ ಚಂಪಕಗಳಿರಬೇಕೆಂದು ಅವನು ಬಗೆದನು. ಆದರೆ ಅವನು ನೆಟ್ಟುದು ಪದ್ಯದಲ್ಲಿ. ಗುಡ್ಡಕ್ಕೆ ಅದರಿಂದ ಬಾಧೆಯಾಗಲಿಲ್ಲ. ಇವರು ನೆಡಹೊರಟುದು ಗುಡ್ಡದಲ್ಲಿಯೇ.

ಶಬ್ದದ ಗತಿಯೂ ಈ ಭ್ರಾಂತಿಗೆ ಸಹಾಯ ಮಾಡಿದೆ. ಒಣನೆಲವನ್ನು ಹೇಳುತ್ತಿದ್ದ ಜಾಂಗಲಶಬ್ದವು ಹಿಂದಿಯ ಜಂಗಲ್ ಆಗಿ, ಇಂಗ್ಲಿಷಿಗೆ ಹೋಗಿ, ದಟ್ಟವಾದ ಹಸುರು ಕಾಡೆಂಬ ವಿರುದ್ಧಾರ್ಥವನ್ನು ಪಡೆಯಿತು. ಫ್ರೆಂಚ್ ವಿದ್ವಾಂಸ ಫ್ರಾಂಸಿಸ್ ಜಿಮ್ಮರ್ಮನ್ ಅವರು 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಪರ್ಯಾಸವನ್ನು ವಿಸ್ತಾರವಾಗಿ ಚರ್ಚಿಸಿರುವರು. ಕನ್ನಡಕ್ಕೆ ಆ ದಾರಿಯಲ್ಲಿ ಹೋಗಬೇಕಾದ ಅಗತ್ಯವಿರಲಿಲ್ಲ; ಕುರುಚಲು ಎಂಬ ದೇಶ್ಯಶಬ್ದವು ಸ್ಪಷ್ಟಾರ್ಥದೊಡನೆ ಇದ್ದೇ ಇರುವುದು. ಹೀಗಿದ್ದೂ ಇಂತಹ ನೆಲಕ್ಕೆ ‘ಬಂಜರು’ ಎಂಬ ಕಂದಾಯದ ಮಾತು ಅಂಟಿಕೊಂಡಿತು. ಉತ್ತು ಬೆಳೆಯದ ನೆಲವೆಂಬ ಅರ್ಥದಲ್ಲಿ ಶಾನುಭೋಗರ ಖಾತೆಗೆ ಅದು ಸಾಕು. ಆದರೆ ಚರ್ಮವನ್ನು ಹದಮಾಡುವ ತೊಗಟೆಯನ್ನು ಕೊಡುವ ತಂಗಡಿ, ಬೇಸಗೆಯಲ್ಲಿ ಹಣ್ಣು ಕೊಡುವ ಕವಳಿ, ಗಂಧದ ಸಸಿಯನ್ನು ಸಾಕುವ ಪೊದೆ ಇವುಗಳೆಲ್ಲ ಇರುವ ನೆಲವನ್ನು ನಿಘಂಟುಕಾರನೂ ಅದೇ ಹೆಸರಿನಿಂದ ಕರೆದರೆ, ಅವನು ಶಾನುಭೋಗರ ಕೆಲಸವನ್ನು ಮಾಡಿದನೇ ಹೊರತು ತನ್ನದನ್ನು ಮಾಡಲಿಲ್ಲ.