ಇಳಿಜಾರಿನಲ್ಲಿ ತೂಕದ ಲೆಕ್ಕ

ಜಪಾನಿನ ಆನಿಮೇಷನ್ ಚಿತ್ರ ಹಾಗೂ ಸರಣಿಗಳಿಗೆ ಅನಿಮೆ ಎಂಬ ಹೆಸರು ರೂಢಿಯಲ್ಲಿದ್ದು, ಅವುಗಳಲ್ಲಿ ಕಾರನ್ನೇ ನಾಯಕನ ಸ್ಥಾನದಲ್ಲಿ ಕೂರಿಸಿದ ಕೃತಿಗಳ ಪೈಕಿ ಶುಯಿಚಿ ಶಿಗೆನೊ ಅವರ ‘ಇನಿಷಿಯಲ್ ಡಿ’ ಬಹುಪ್ರಸಿದ್ಧವಾದುದು. 1995ರಲ್ಲಿ ಮಾಂಗಾ, ಎಂದರೆ ಧಾರಾವಾಹಿ ಚಿತ್ರಕಥೆಯಾಗಿ ಆರಂಭಗೊಂಡು 2013ರವರೆಗೆ ನಡೆದ ಈ ಕಥೆ 1998ರಲ್ಲಿ ಕಿರುತೆರೆಗೆ ಬಂದಿತು. ಗುನ್ಮಾ ಪ್ರಾಂತ್ಯದ ಹರುನಾ ಬೆಟ್ಟವು ಕಥೆಯಲ್ಲಿ ಅಕಿನಾ ಎಂಬ ಹೆಸರು ತಳೆದಿದ್ದು, ಅದರ ತಿರುವುಗಳಲ್ಲಿ ನಸುಕಿಗೆ ಮುನ್ನ ತಂದೆಯ ಅಂಗಡಿಯ ತೋಫುವನ್ನು, ಅಂದರೆ ಸೋಯಾ ಹಾಲನ್ನು ಹೆಪ್ಪುಗಟ್ಟಿಸಿ ಮಾಡುವ ಮೆತ್ತನೆಯ ಗಟ್ಟಿಗಳನ್ನು, ಸಾಗಿಸುವ ತಕುಮಿ ಎಂಬ ಹುಡುಗನೇ ಇದರ ನಾಯಕ.

ಅವನ ಟೊಯೊಟಾ ಸ್ಪ್ರಿಂಟರ್ ಟ್ರುಯೆನೊ ಎಇ86 ಕಾರು 1983ರಿಂದ 1987ರವರೆಗೆ ತಯಾರಾದದ್ದು, ಎಂಜಿನ್ 1.6 ಲೀಟರಿನದು, ಶಕ್ತಿ ಸುಮಾರು 130 ಅಶ್ವಶಕ್ತಿ. ಬೆಟ್ಟದ ದಾರಿಯ ಪಂದ್ಯಗಳಲ್ಲಿ ಅದರ ಎದುರಾಳಿಗಳಲ್ಲೊಂದಾದ ನಿಸಾನ್ ಸ್ಕೈಲೈನ್ ಜಿಟಿ-ಆರ್‌ನದು 280. ಏರುದಾರಿಯಲ್ಲಾದರೆ ಈ ಅಂತರವೇ ಸೋಲು-ಗೆಲುವನ್ನು ತೀರ್ಮಾನಿಸಿಬಿಡುತ್ತದೆ. ಇಳಿಜಾರಿನಲ್ಲಿ ಮಾತ್ರ ವೇಗದ ಒಂದು ಪಾಲನ್ನು ಗುರುತ್ವವೇ ಒದಗಿಸುವುದರಿಂದ, ಎಂಜಿನ್ನಿನ ಬಲಕ್ಕಿಂತ ಬ್ರೇಕು, ಟೈರು ಮತ್ತು ಕಾರಿನ ತೂಕಗಳಿಗೆ ಬೆಲೆ ಹೆಚ್ಚುತ್ತದೆ. ಒಂದು ಟನ್ನಿಗಿಂತ ಕಡಿಮೆ ತೂಗುವ ಎಇ86 ತಡವಾಗಿ ಬ್ರೇಕು ಹಿಡಿದರೂ ತಿರುಗಬಲ್ಲುದು. ಅದಕ್ಕಿಂತ ಬಹಳ ಭಾರವಾದ ಸ್ಕೈಲೈನಿನ ಮುಂದಿನ ಟೈರುಗಳು ತಿರುವಿನಿಂದ ತಿರುವಿಗೆ ಕಾದು, ಹಿಡಿತ ಕಳೆದುಕೊಳ್ಳುತ್ತವೆ. ಬ್ರೇಕು ಒತ್ತಿದಾಗ ಭಾರವು ಮುಂದಕ್ಕೆ ವಾಲಿ ಹಿಂಗಾಲಿಗಳು ಹಗುರವಾಗುವ ಆ ಕ್ಷಣವನ್ನೇ ಬಳಸಿಕೊಂಡು ಕಾರನ್ನು ಬೇಕೆಂದೇ ಅಡ್ಡಡ್ಡಲಾಗಿ ಜಾರಿಸುವ ಕಲೆಗೆ ಡ್ರಿಫ್ಟ್ ಎನ್ನುತ್ತಾರೆ. ಕಪ್ಪಿನಲ್ಲಿ ತುಂಬಿಸಿಟ್ಟ ನೀರು ಚೆಲ್ಲದಂತೆ ಓಡಿಸಬೇಕೆಂಬ ತಂದೆಯ ಕಟ್ಟಳೆ ನಾಟಕೀಯವಾಗಿ ತೋರಿದರೂ, ಭಾರದ ಈ ಓಲಾಟವನ್ನು ನಯವಾಗಿ ನಿಭಾಯಿಸುವ ಪಾಠವೇ ಅದರಲ್ಲಿ ಅಡಗಿದೆ. ಡ್ರಿಫ್ಟ್ ಚಾಲನೆಯ ದೊರೆಯೆಂದೇ ಹೆಸರಾದ ಕೆಯಿಚಿ ತ್ಸುಚಿಯಾ ಅವರ ಮಾರ್ಗದರ್ಶನ ಈ ಸರಣಿಗೆ ದೊರೆತಿತ್ತು.

ಇಷ್ಟಾಗಿಯೂ, ತೂಕವನ್ನೇ ಕಥಾವಸ್ತುವಾಗಿಸಿಕೊಂಡ ಈ ಸರಣಿಯ ಮೊದಲ ಭಾಗದಲ್ಲಿ ಕಾಣದೆಹೋದದ್ದು ಆ ತೂಕವೇ. ಕಂಪ್ಯೂಟರಿನಲ್ಲಿ ರಚಿಸಿದ ಆ ಕಾರುಗಳು ಅಳತೆಯಲ್ಲಿ ತಪ್ಪಿಲ್ಲದಿದ್ದರೂ ರಸ್ತೆಗೆ ತಾಗದೆ ತೇಲಿದಂತೆ ಕಾಣುತ್ತವೆ. ಆ ಕೊರತೆಯನ್ನು ಬಹುಮಟ್ಟಿಗೆ ಮರೆಸುವುದು ಯೂರೋಬೀಟ್ ಎಂಬ ಧಾವಂತದ ನೃತ್ಯಸಂಗೀತ.

ಹಯಾವೊ ಮಿಯಾಜಾಕಿ ಅವರು 1979ರಲ್ಲಿ ನಿರ್ದೇಶಿಸಿದ ‘ದಿ ಕ್ಯಾಸಲ್ ಆಫ್ ಕಾಲಿಯೋಸ್ತ್ರೊ’ ಚಿತ್ರದ ಬೆನ್ನಟ್ಟುವ ದೃಶ್ಯ ತೂಕವನ್ನು ಕಾಣಿಸುವ ಮಾತಿನಲ್ಲಿ ‘ಇನಿಷಿಯಲ್ ಡಿ’ಗಿಂತ ಮೇಲು. ಕಳ್ಳ ಲುಪಿನ್‌ನ ಪುಟ್ಟ ಫಿಯಟ್ 500 ಅಲ್ಲಿ ಕಡಿದಾದ ದಿಬ್ಬವನ್ನೇರಿ ಓಡುತ್ತದೆ. ಭೌತಶಾಸ್ತ್ರ ಇದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಕೈಯಿಂದ ಬರೆದ ಗೆರೆಗಳಲ್ಲಿ ಕಾರಿನ ಒಡಲು ಪ್ರತಿ ತಿರುವಿನಲ್ಲಿಯೂ ಓಲಾಡಿ ಕುಗ್ಗುವುದರಿಂದ, ಚಕ್ರದಡಿಯ ನೆಲ ನೋಡುಗನ ಅನುಭವಕ್ಕೆ ಬರುತ್ತದೆ. ಚಿತ್ರದ ಆನಿಮೇಷನ್ ನಿರ್ದೇಶಕ ಯಾಸುವೊ ಓತ್ಸುಕಾ ಸ್ವತಃ ಫಿಯಟ್ 500ರ ಒಡೆಯರಾಗಿದ್ದರು. ಅದೇ ದೃಶ್ಯದಲ್ಲಿ ನಾಯಕಿ ಓಡಿಸುವ ಸಿಟ್ರೊಯೆನ್ 2ಸಿವಿ ಮಿಯಾಜಾಕಿಯವರ ಮೆಚ್ಚಿನ ವಾಹನ. ತಾವು ಓಡಿಸಿ ಬಲ್ಲ ಕಾರುಗಳನ್ನೇ ಅವರು ತೆರೆಯ ಮೇಲೂ ಓಡಿಸಿದರು.