ಸ್ಟ್ಯಾಂಡ್ ಕೇಳುವ ಮರ

ಅಮೆರಿಕದ ಜಾರ್ಜಿಯಾ, ಅಲಬಾಮಾ ಕಡೆಯ ಪೈನ್ ಕಾಡುಗಳಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಹೊರಟವರ ಬೆನ್ನ ಮೇಲೆ, ಮರ ಹತ್ತಿ ಕೂರಲು ಬಳಸುವ ಕ್ಲೈಂಬಿಂಗ್ ಸ್ಟ್ಯಾಂಡ್ ಇರುವುದು ಸಾಮಾನ್ಯ. ಅದರಲ್ಲಿ ಎರಡು ಚೌಕಟ್ಟು. ಮೇಲಿನದರಲ್ಲಿ ಸೀಟು, ಕೆಳಗಿನದರಲ್ಲಿ ಕಾಲಿಡುವ ಅಟ್ಟಣೆ. ಎರಡಕ್ಕೂ ಮರವನ್ನು ಸುತ್ತಿ ಹಿಡಿಯುವ ಕೇಬಲ್. ಸೀಟಿನ ಮೇಲೆ ಭಾರ ಬಿಟ್ಟು ಪಾದದಿಂದ ಕೆಳಗಿನದನ್ನು ಮೇಲಕ್ಕೆಳೆಯಬೇಕು, ಎದ್ದು ನಿಂತು ಮೇಲಿನದನ್ನು ಎತ್ತಬೇಕು. ತೆಂಗಿನ ಮರ ಹತ್ತುವ ಯಂತ್ರ ನೋಡಿದವರಿಗೆ ಇದರ ಉಪಾಯ ಥಟ್ಟನೆ ತಿಳಿಯುತ್ತದೆ.

ಅಂಗಡಿಯವರು ಮೊದಲು ಹೇಳುವುದು ತೂಕ ಮತ್ತು ಸೀಟಿನ ಸುಖ. ಹೆಸರಾದ ಸಮಿಟ್ ವೈಪರ್ ಮಾದರಿಯ ತೂಕ ಸುಮಾರು 9 ಕಿಲೋ. ಆಳು, ಬಟ್ಟೆಬರೆ, ಕೋವಿ ಎಲ್ಲ ಸೇರಿ 136 ಕಿಲೋ ತಡೆಯುತ್ತದೆ. ಕತ್ತಲಿರುವಾಗಲೇ ಒಂದು ಮೈಲಿ ಹೊತ್ತು ನಡೆಯುವವರಿಗೆ ಈ ಲೆಕ್ಕ ಬೇಕೇ ಬೇಕು. ಆದರೂ ಕೊಳ್ಳುವವರು ಮೊದಲು ನೋಡಬೇಕಾದ್ದು ತಮ್ಮ ಕಾಡನ್ನು.

ಈ ಸ್ಟ್ಯಾಂಡ್‌ಗೆ ನೆಟ್ಟಗಿನ, ಕೊಂಬೆಯಿಲ್ಲದ, ಸುಮಾರು 8ರಿಂದ 20 ಅಂಗುಲ ದಪ್ಪದ, ತೊಗಟೆ ಗಟ್ಟಿಯಾಗಿರುವ ಮರವೇ ಆಗಬೇಕು. ದಕ್ಷಿಣದ ಪೈನ್ ತೋಪಿನಲ್ಲಿ ಅಂಥ ಮರಕ್ಕೆ ಬರವಿಲ್ಲ. ಉತ್ತರದ ಓಕ್ ಕಾಡಿನ ಕಥೆ ಬೇರೆ. ಶರತ್ಕಾಲದಲ್ಲಿ ಜಿಂಕೆ ಹುಡುಕಿಕೊಂಡು ಬರುವುದು ಬಿಳಿ ಓಕ್‌ನ ಉದುರಿದ ಕಾಯಿಗೆ. ಆ ಓಕ್ ಎಷ್ಟೋ ಸಲ ಆಳೆತ್ತರದಲ್ಲೇ ಕವಲೊಡೆದಿರುತ್ತದೆ. ಪಕ್ಕದ ಶ್ಯಾಗ್‌ಬಾರ್ಕ್ ಹಿಕರಿ ನೆಟ್ಟಗಿದ್ದರೂ ಅದರ ತೊಗಟೆ ಉದ್ದುದ್ದ ಸೀಳಾಗಿ ಕಳಚುತ್ತದೆ. ಕೇಬಲ್‌ಗೆ ಹಿಡಿತ ಸಿಗದು. ಕೊನೆಗೆ ಬೇಟೆಗಾರ ಜಾಡು ಬಿಟ್ಟು, ತನ್ನ ಸ್ಟ್ಯಾಂಡ್‌ಗೆ ಒಗ್ಗುವ ಮರ ಹುಡುಕಿ ದೂರ ಹೋಗುತ್ತಾನೆ. ನನ್ನ ಮಟ್ಟಿಗೆ ಈ ಸಾಧನದ ದೊಡ್ಡ ಕೊರತೆ ಇದೇ. ಕೂರುವ ಜಾಗವನ್ನು ಜಿಂಕೆಯ ಓಡಾಟ ನಿಶ್ಚಯಿಸಬೇಕು, ಇಲ್ಲಿ ಸಾಮಾನು ನಿಶ್ಚಯಿಸುತ್ತದೆ.

ಇದರ ಗುಣವೂ ಸಣ್ಣದಲ್ಲ. ಮರಕ್ಕೆ ಮೊಳೆ, ತಿರುಪು ಹೊಡೆಯುವುದನ್ನು ಹಲವು ಸರ್ಕಾರಿ ಕಾಡುಗಳಲ್ಲಿ ನಿಷೇಧಿಸಿದ್ದಾರೆ. ಇದಕ್ಕೆ ಎರಡೂ ಬೇಡ. ಗಾಳಿ ದಿಕ್ಕು ಬದಲಿಸಿ ಮನುಷ್ಯನ ವಾಸನೆ ಜಾಡಿನ ಕಡೆ ಹೊಡೆಯತೊಡಗಿದರೆ ಇಳಿದು, ಬೇರೆ ಮರಕ್ಕೆ ಹೋಗಬಹುದು. ಮಲೆನಾಡಿನಲ್ಲಿ ಹಿಂದೆ ಮರಸು ಕೂರುತ್ತಿದ್ದವರಿಗೆ ಈ ಅನುಕೂಲ ಇರಲಿಲ್ಲ. (1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಜಿಂಕೆ ಬೇಟೆ ಅಪರಾಧ, ಅದು ಹಾಗೇ ಇರಲಿ. ಅಲ್ಲಿ ಲೈಸೆನ್ಸು, ಋತು, ಹೊಡೆಯಬಹುದಾದ ಸಂಖ್ಯೆ ಎಲ್ಲಕ್ಕೂ ಕಟ್ಟುಪಾಡಿದೆ.)

ಬಳಕೆಯಲ್ಲಿ ಒಂದು ಸೂಕ್ಷ್ಮವಿದೆ. ಮೇಲೆ ಹೋದಂತೆ ಕಾಂಡ ಸಣ್ಣದಾಗಿ ಕೇಬಲ್ ಸಡಿಲವಾಗುತ್ತದೆ. ಬುಡದಲ್ಲಿ ಅಟ್ಟಣೆಯನ್ನು ಮಟ್ಟಸವಾಗಿ ಬಿಗಿದು ಹೊರಟರೆ, 20 ಅಡಿ ಏರುವಷ್ಟರಲ್ಲಿ ಅದರ ಹೊರ ಅಂಚು ಕೆಳಗೆ ವಾಲಿರುತ್ತದೆ. ಹಾಗಾಗಿ ನೆಲದಲ್ಲೇ ಆ ಅಂಚು ಮೇಲೆದ್ದಿರುವಂತೆ ಕೇಬಲ್ ಬಿಗಿಯಬೇಕು. ಎರಡು ಚೌಕಟ್ಟುಗಳ ನಡುವೆ ಹಗ್ಗ ಕಟ್ಟಿರಲೇಬೇಕು. ಆ ಹಗ್ಗವಿಲ್ಲದೆ ಕಾಲಿನ ಅಟ್ಟಣೆ ಕಳಚಿ ಬುಡಕ್ಕೆ ಜಾರಿದರೆ, ಸೀಟಿನಲ್ಲಿ ಕಾಲು ಇಳಿಬಿಟ್ಟು ಕೂತವನಿಗೆ ಇಳಿಯುವ ದಾರಿಯೇ ಇರದು.

ಇನ್ನು, ಬೀಳದಂತೆ ಮೈಗೆ ತೊಟ್ಟು ಮರಕ್ಕೆ ಬಿಗಿಯುವ ಹಾರ್ನೆಸ್. ಸ್ಟ್ಯಾಂಡ್ ಜೊತೆ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಹಾರ್ನೆಸ್‌ನ ಪಟ್ಟಿಗಳು ಕತ್ತಲಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಬಹಳ ಜನ ಅದನ್ನು ಮನೆಯಲ್ಲೇ ಬಿಡುತ್ತಾರೆ, ಅಥವಾ ಮೇಲೆ ತಲುಪಿದ ಮೇಲಷ್ಟೇ ಮರಕ್ಕೆ ಬಿಗಿಯುತ್ತಾರೆ. ಆದರೆ ಬೀಳುವ ಅಪಾಯ ಹೆಚ್ಚಿರುವುದು ಹತ್ತುವಾಗ, ಇಳಿಯುವಾಗ. ಮೊದಲ ಹೆಜ್ಜೆಯಿಂದಲೇ ಮರಕ್ಕೆ ಸುತ್ತಿದ ಪಟ್ಟಿಯನ್ನು ಜೊತೆಜೊತೆಗೆ ಮೇಲೆ ಸರಿಸಬೇಕು, ಕೂತಾಗ ಅದು ಸಡಿಲವಿರಬಾರದು. ಇದು ಬೇಸರದ ಕೆಲಸ. ಆ ಬೇಸರ ಕಡಿಮೆ ಮಾಡಲು ತಯಾರಕರು ಸೀಟಿನ ಮೆತ್ತೆಗೆ ಪಟ್ಟ ಶ್ರಮದ ಅರ್ಧವನ್ನೂ ಪಟ್ಟಿಲ್ಲ ಎಂಬುದು ನನ್ನ ತಕರಾರು. ಇನ್ನೊಂದು ಎಚ್ಚರಿಕೆ: ಕೋವಿಯನ್ನು ತೋಟಾ ತೆಗೆದು ಕೆಳಗಿಟ್ಟು, ಮೇಲೆ ಕೂತ ಮೇಲೆ ಹಗ್ಗದಿಂದ ಎಳೆದುಕೊಳ್ಳಬೇಕು.

ಏರಲು ಸುಲಭವೆಂದು 30 ಅಡಿಗೆ ಹೋಗುವ ಚಾಳಿಯನ್ನು ನಾನು ಒಪ್ಪಲಾರೆ. ಎತ್ತರ ಹೆಚ್ಚಿದಷ್ಟೂ ಗುರಿಯ ಕೋನ ಕಡಿದಾಗುತ್ತದೆ. ಬಿಲ್ಲಿನ ಬೇಟೆಯಲ್ಲಿ ಬಾಣ ಒಂದೇ ಶ್ವಾಸಕೋಶಕ್ಕೆ ತಗುಲಿ, ಗಾಯಗೊಂಡ ಜಿಂಕೆ ಎಲ್ಲೋ ಓಡಿ ನರಳಿ ಸಾಯಬಹುದು. ಬಿಲ್ಲು ಹಿಡಿದವರಿಗೆ 15ರಿಂದ 20 ಅಡಿ ಸಾಕು. ಪೈನ್ ಕಾಡಿನಲ್ಲಿ ದಿನಕ್ಕೊಂದು ಜಾಗ ಬದಲಿಸುವವರು ಧಾರಾಳವಾಗಿ ಇದನ್ನು ಕೊಳ್ಳಲಿ. ಸ್ವಂತ ಓಕ್ ತೋಪಿದ್ದು ವರ್ಷವರ್ಷವೂ ಅದೇ ಜಾಡಿನಲ್ಲಿ ಕಾಯುವವರಿಗೆ, ಮಂಡಿ ನೋವಿರುವವರಿಗೆ, ಮರಕ್ಕೆ ಒರಗಿಸಿ ಕಟ್ಟಿಬಿಡುವ ಏಣಿ ಸ್ಟ್ಯಾಂಡೇ ವಾಸಿ.