ಗೋಡೆಯ ಯಾವ ಕಡೆಯಿಂದ ಓದೋದು?

ಪ್ರಯಾಗ್ ಅಕ್ಬರ್ ಅವರ ಇಂಗ್ಲಿಷ್ ಕಾದಂಬರಿ 'ಲೈಲಾ' (2017) ಓದಿದ ನನ್ನ ಪಿಯುಸಿ ಗೆಳತಿಯರದ್ದು ಒಂದೇ ಮಾತು: 'ತುಂಬಾ ಡಾರ್ಕ್ ಕಣೇ, ನಿದ್ದೆ ಬರಲ್ಲ.' ನಾನೂ ಓದಿದೆ. ನಿದ್ದೆ ಬಂತು. ಆದರೆ ಸಿಟ್ಟೂ ಬಂತು. ಯಾಕೆ ಅಂತ ಹೇಳ್ತೀನಿ.

ಮುಂದೊಂದು ದಿನದ ನಗರ. ಒಂದೊಂದು ಸಮುದಾಯಕ್ಕೆ ಒಂದೊಂದು ಸೆಕ್ಟರ್, ಸುತ್ತ ಎತ್ತರದ ಗೋಡೆ. ಶಾಲಿನಿ ಹಿಂದೂ, ಗಂಡ ರಿಜ್ ಮುಸ್ಲಿಂ. ಆ ತಪ್ಪಿಗೆ ಅವಳ ಪುಟ್ಟ ಮಗಳು ಲೈಲಾಳನ್ನು ಕಸಿದುಕೊಳ್ಳುತ್ತಾರೆ. ಹದಿನಾರು ವರ್ಷ ಕಳೆದರೂ ಅಮ್ಮ ಹುಡುಕುವುದನ್ನು ಬಿಟ್ಟಿಲ್ಲ. 2019ರಲ್ಲಿ ಇದು ನೆಟ್‌ಫ್ಲಿಕ್ಸ್ ಸರಣಿಯೂ ಆಯ್ತು.

ಹೆದರಿಸೋಕೆ ಲೇಖಕರು ರಾಕ್ಷಸರನ್ನು ತರಲ್ಲ. ಬಿಸಿಲು, ಕಸ, ಗೇಟು ಇಷ್ಟೇ ಸಾಕು. ಮಹದೇವಪುರದಲ್ಲಿ ಕೂತು ಓದೋರಿಗೆ ಇದು ಕಲ್ಪನೆ ಅನಿಸಲ್ಲ. ಬೆಳ್ಳಂದೂರು ಕೆರೆಗೆ 2017ರಲ್ಲಿ ಬೆಂಕಿ ಬಿತ್ತು, 2018ರಲ್ಲಿ ಮತ್ತೆ ಬಿತ್ತು. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗಾಗಿ ಮಾಡಿದ ಕಾವೇರಿ ಐದನೇ ಹಂತ ಶುರುವಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಅಲ್ಲೀತನಕ ಬೋರ್‌ವೆಲ್, ಟ್ಯಾಂಕರ್.

ನನ್ನ ತಕರಾರು ಬೇರೆ. ಕತೆ ಹೇಳೋಳು ಶಾಲಿನಿ. ಮನೆಗೆಲಸದ ಸಪ್ನಾಳನ್ನು ನಾವು ನೋಡೋದು ಅವಳ ಕಣ್ಣಿಂದ ಮಾತ್ರ. ಗೋಡೆಯ ಹೊರಗೆ ಬಿದ್ದಾಗ ಶಾಲಿನಿಗೆ ಲೋಕ ಕತ್ತಲಾಯ್ತು, ಸರಿ. ಸಪ್ನಾಗೆ ಅದಕ್ಕೂ ಮೊದಲು ಬೆಳಕಿತ್ತಾ? ನಮ್ಮಮ್ಮ ಅಡುಗೆಗೆ ಹೋಗೋ ಅಪಾರ್ಟ್‌ಮೆಂಟಲ್ಲಿ ಮನೆಯವರಿಗೊಂದು ಲಿಫ್ಟು, ಕೆಲಸದವರಿಗೆ ಇನ್ನೊಂದು. ವಾಪಸ್ ಬರುವಾಗ ಗೇಟಲ್ಲಿ ಬ್ಯಾಗ್ ತೆಗೆದು ತೋರಿಸಬೇಕು. ಇದನ್ನು ಯಾರೂ ಡಿಸ್ಟೋಪಿಯಾ ಅನ್ನಲ್ಲ, ರೂಲ್ಸ್ ಅಂತಾರೆ.

'ದಿ ಹಂಗರ್ ಗೇಮ್ಸ್' (2008) ನೆನಪು ಮಾಡ್ಕೊಳ್ಳಿ. ಅಲ್ಲಿ ಕತೆ ಹೇಳೋ ಕ್ಯಾಟ್ನಿಸ್‌ಗೆ ನನ್ನಷ್ಟೇ ವಯಸ್ಸು, ಹದಿನಾರು. ಅವಳು ಹಸಿವಿನ ಊರಲ್ಲೇ ಹುಟ್ಟಿದವಳು, ಅಲ್ಲಿಗೆ ಜಾರಿ ಬಿದ್ದವಳಲ್ಲ. ಅದು ಇದಕ್ಕಿಂತ ಸರಳ ಪುಸ್ತಕ ಇರಬಹುದು. ಆದರೆ ಅದರಲ್ಲಿ ಹಸಿದವಳೇ ಮಾತಾಡ್ತಾಳೆ.

ಅಕ್ಬರ್‌ಗೆ ಇದು ಗೊತ್ತಿಲ್ಲ ಅಂತಲ್ಲ. ಶಾಲಿನಿಗೆ ಏನೇನು ಕಾಣಲ್ಲ ಅನ್ನೋದನ್ನು ಅವರು ಬೇಕಂತಲೇ ತೋರಿಸ್ತಾರೆ ಅಂತ ನನಗನಿಸುತ್ತೆ. ಆದರೆ ಅಷ್ಟು ತೋರಿಸಿ ಅಲ್ಲೇ ನಿಲ್ತಾರೆ. ಸಪ್ನಾ ಯಾಕೆ ಹಾಗೆ ಮಾಡಿದಳು ಅಂತ ಅವಳ ಬಾಯಿಂದಲೇ ಒಂದು ಅಧ್ಯಾಯ ಕೇಳಬೇಕಿತ್ತು.

ಆದ್ರೂ ಓದಿ. ಮಗಳಿಗಾಗಿ ಅಲೆಯುವ ತಾಯಿಯ ಸಂಕಟ ಸುಳ್ಳಲ್ಲ, ನನಗೂ ಗಂಟಲು ಕಟ್ಟಿತು. ಸಪ್ನಾ ಬರುವ ಪುಟಗಳಲ್ಲಿ ಮಾತ್ರ ಸ್ವಲ್ಪ ನಿಧಾನ ಮಾಡಿ.